ಕೋನಪ್ಪ ತಾನೇ ಬಿಚ್ಚಿದ ಚಕ್ರ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ, ಕೈ ಅಡ್ಡ ಹಿಡಿದರೆ ಮಾತ್ರ ಬಸ್ಸು ನಿಲ್ಲುವಂಥ ಸಣ್ಣ ಊರು ಅದು. ಅಲ್ಲಿಗೆ ಸೊಸೆಯಾಗಿ ಬಂದ ಚಿಕ್ಕವೆಂಕಟಮ್ಮನಿಗೆ ಗಂಡ ಕೋನಪ್ಪನ ಗುಣ ತಿಳಿಯಲು ಬಹಳ ಕಾಲ ಹಿಡಿಯಲಿಲ್ಲ. ಹಾಲು ತಂದವಳ ಎದುರಿಗೇ ಚೊಂಬಿಗೆ ಬೆರಳು ಅದ್ದಿ, ಉಗುರಿನ ಮೇಲೆ ಒಂದು ತೊಟ್ಟು ನಿಲ್ಲಿಸಿ, ಅದು ಜಾರುತ್ತದೋ ನಿಲ್ಲುತ್ತದೋ ಎಂದು ನೋಡುವ ಮನುಷ್ಯ. ಮಾವನ ಮನೆಯಲ್ಲಿ ಊಟಕ್ಕೆ ಕೂತರೂ ಬಾಗಿಲಾಚೆ ಬಿಟ್ಟ ಚಪ್ಪಲಿ ಕಣ್ಣಿಗೆ ಕಾಣುತ್ತಿರಬೇಕು. ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿ ತೋಟದಲ್ಲಿ ಇಟ್ಟು ಬಂದರೆ, ಹಗ್ಗದ ಗಂಟು ಯಾವ ಕಡೆಗೆ ಮುಖ ಮಾಡಿತ್ತು ಎನ್ನುವುದನ್ನು ನೆನಪಿಟ್ಟುಕೊಂಡು ತಿರುಗಿ ಹೋಗಿ ನೋಡುತ್ತಿದ್ದ. ಹಾಗೆಂದು ಕೆಟ್ಟವನಲ್ಲ. ಕುಡಿದವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಯಾರನ್ನೂ ನಂಬುತ್ತಿರಲಿಲ್ಲ, ಅಷ್ಟೆ.

ಹುಳು ಸಾಕುವ ಮನೆಗಳಿಗೆ ಅನುಮಾನ ಹೊಸದೇನೂ ಅಲ್ಲ. ರೇಷ್ಮೆ ಹುಳು ಮನೆಯಲ್ಲಿದ್ದಾಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಯಾರ ಕಣ್ಣು ಹೇಗೋ, ಯಾರ ಮೈಯಲ್ಲಿ ಹೊಗೆಸೊಪ್ಪಿನ ವಾಸನೆಯೋ ಎಂದು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ. ಊರಿನ ಮಿಕ್ಕವರ ಅನುಮಾನ ಹುಳು ಗೂಡು ಕಟ್ಟುವ ತನಕ. ಕೋನಪ್ಪನದು ಮಾತ್ರ ಗೂಡು ಮಾರಿ ಬಂದ ಮೇಲೂ ಮುಗಿಯುತ್ತಿರಲಿಲ್ಲ.

ಎಂಬತ್ತನಾಲ್ಕನೇ ಇಸವಿಯಲ್ಲಿ ಅವನು ಒಂದು ಹಳೆಯ ರಾಜದೂತ್ ಗಾಡಿ ಕೊಂಡ. ಆಗಿನಿಂದ ಅವನ ಅನುಮಾನಕ್ಕೆ ಎರಡು ಗಾಲಿ ಬಂದಂತಾಯಿತು. ಗಾಡಿ ರಿಪೇರಿ ಮಾಡುವವರು ಒಳ್ಳೆಯ ಸಾಮಾನು ಬಿಚ್ಚಿಕೊಂಡು ಸವೆದದ್ದನ್ನು ಹಾಕಿ ಕಳಿಸುತ್ತಾರೆ ಎಂದು ಯಾರೋ ಸಂತೆಯಲ್ಲಿ ಹೇಳಿದ್ದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟಿದ್ದ ಲಾಲ್ ಬಾಷಾ ಅವನಿಗೆ ಹಳೆಯ ಸ್ನೇಹಿತ. ಗಾಡಿ ಕೆಟ್ಟರೆ ಅವನ ಹತ್ತಿರವೇ ಹೋಗುತ್ತಿದ್ದ. ಆದರೆ ಬೆಳಿಗ್ಗೆ ಬಿಟ್ಟು ಸಾಯಂಕಾಲ ತರುವ ಮಾತಿಲ್ಲ. ಹಳೇ ಟೈರೊಂದನ್ನು ಮಲಗಿಸಿ ಅದರ ಮೇಲೆ ಕುಕ್ಕರಗಾಲಲ್ಲಿ ಕೂತು, ಕೊನೆಯ ನಟ್ಟು ಬಿಗಿಯುವ ತನಕ ಲಾಲ್ ಬಾಷಾನ ಕೈಯನ್ನೇ ನೋಡುತ್ತಿದ್ದ.

“ಕೋನಣ್ಣ, ನನ್ನ ಹೆಂಡ್ತಿ ಕೂಡ ನನ್ನ ಇಷ್ಟು ಹೊತ್ತು ನೋಡಿಲ್ಲ” ಅನ್ನುತ್ತಿದ್ದ ಲಾಲ್ ಬಾಷಾ.

“ನಿನ್ನ ಮುಖ ಯಾರು ನೋಡ್ತಾರಪ್ಪ. ಕೈ ನೋಡ್ತಿದ್ದೀನಿ” ಅನ್ನುತ್ತಿದ್ದ ಇವನು.

ಅದು ಸಾಲದು ಎಂದು ಗಾಡಿಯ ಸಾಮಾನಿಗೆಲ್ಲ ಗುರುತು ಹೊಡೆದಿದ್ದ. ಆ ಕಡೆ ಹುಳು ಗೂಡು ಕಟ್ಟುವುದು ಚಂದ್ರಂಕಿಯ ಮೇಲೆ. ಬಿದಿರಿನ ಚಾಪೆಗೆ ಬಿದಿರಿನದೇ ದಬ್ಬೆಯನ್ನು ಸುರುಳಿಯಾಗಿ ನಿಲ್ಲಿಸಿ ಕಟ್ಟಿದ ದೊಡ್ಡ ತಟ್ಟೆ ಅದು. ಹುಳು ಹಣ್ಣಾದಾಗ, ಅಂದರೆ ಗೂಡು ಕಟ್ಟಲು ಸಿದ್ಧವಾದಾಗ, ಒಂದು ಮನೆಯ ಚಂದ್ರಂಕಿ ಯಾರಿಗೂ ಸಾಲುವುದಿಲ್ಲ. ಇವರದು ಅವರ ಮನೆಗೆ, ಅವರದು ಇವರ ಮನೆಗೆ ಹೋಗುತ್ತಿರುತ್ತದೆ. ಅದಕ್ಕೇ ಪ್ರತಿ ಮನೆಗೂ ಒಂದು ಗುರುತು. ಕಾದ ಕಬ್ಬಿಣದಿಂದ ಚಂದ್ರಂಕಿಯ ಮುಂಭಾಗದ ಅಂಚಿಗೆ ಸುಟ್ಟು ಬಿಡುತ್ತಾರೆ. ಕೋನಪ್ಪನ ಮನೆಯದು ಎರಡು ಉದ್ದ ಗೀಟು, ಕೆಳಗೊಂದು ಬೊಟ್ಟು. ಅದೇ ಗುರುತನ್ನು ಅವನು ಉಳಿ, ಸುತ್ತಿಗೆ ಹಿಡಿದು ಗಾಡಿಯ ಹಿಂದಿನ ಹಲ್ಲಿನ ಚಕ್ರದ ಮೇಲೂ ಹೊಡೆದಿದ್ದ. ಚೈನು ಕೂತು ಓಡುವ ಆ ಚಕ್ರಕ್ಕೆ ಲಾಲ್ ಬಾಷಾ ಸ್ಪ್ರಾಕೆಟ್ ಅನ್ನುತ್ತಿದ್ದ, ಊರಿನವರು ಹಲ್ಲಿನ ಚಕ್ರ ಅನ್ನುತ್ತಿದ್ದರು. ಹೊಡೆಯುವಾಗ ಉಳಿ ಜಾರಿ ಚಕ್ರದ ಮೇಲೆ ಓರೆಯಾಗಿ ಒಂದು ಗೀರು ಬಿತ್ತು, ಕೋನಪ್ಪನ ಹೆಬ್ಬೆರಳಿನಲ್ಲಿ ರಕ್ತ ಬಂತು. ಅರಿಸಿನ ಮೆತ್ತಿ ಬಟ್ಟೆ ಸುತ್ತಿದವಳು ಚಿಕ್ಕವೆಂಕಟಮ್ಮ.

ಗಂಡನ ಈ ಆಟಗಳನ್ನು ಕಂಡು ಅವಳು ನಕ್ಕು ಸುಮ್ಮನಾಗುತ್ತಿದ್ದಳು. ತೊಂಬತ್ತೆರಡನೇ ಇಸವಿಯ ಅವರೆಕಾಯಿ ಕಾಲದಲ್ಲಿ ಮಾತ್ರ ನಗು ಬರಲಿಲ್ಲ.

ಆ ವರ್ಷ ಮಗಳು ರಾಧಮ್ಮ ಮೊದಲ ಬಸಿರು. ಗೂಡು ಮಾರಿದ ಮೇಲಿನ ಶುಕ್ರವಾರ ತವರಿನಲ್ಲಿ ಬಳೆ ತೊಡಿಸುವ ಶಾಸ್ತ್ರ ಎಂದು ಮಾತಾಗಿತ್ತು. ಮೊದಲ ಬಳೆಯನ್ನು ಲಾಲ್ ಬಾಷಾನ ಹೆಂಡತಿ ಬಿಸ್ಮಿಲ್ಲಾ ಬೀ ತೊಡಿಸಬೇಕು, ಅದು ಚಿಕ್ಕವೆಂಕಟಮ್ಮನ ಮನಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಆಸೆ. ರಾಧಮ್ಮ ಹುಟ್ಟಿದಾಗ ಚಿಕ್ಕವೆಂಕಟಮ್ಮನಿಗೆ ಜ್ವರ ಏರಿ ಎದೆಯಲ್ಲಿ ಹಾಲು ಬರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿ ಗಂಡು ಮಗು ಹೆತ್ತು ಮಲಗಿದ್ದ ಬಿಸ್ಮಿಲ್ಲಾ ಬೀ, ಯಾರೂ ಕೇಳದೆ, “ಇತ್ತ ಕೊಡಿ” ಎಂದು ಕೈ ಚಾಚಿ ಮಗುವನ್ನು ಎತ್ತಿಕೊಂಡು ಮಗ್ಗುಲಿಗೆ ಹಾಕಿಕೊಂಡಳು. ಗಂಡಸರಿಬ್ಬರಿಗೂ ಪರಿಚಯವಾದದ್ದು ಆ ಆಸ್ಪತ್ರೆಯ ಬೇವಿನ ಮರದ ಕೆಳಗೇ. ಅವತ್ತಿನಿಂದ ರಾಧಮ್ಮನಿಗೆ ಇಬ್ಬರು ತಾಯಿ.

ಈ ನಡುವೆ ಆದದ್ದು ಇಷ್ಟು. ಹಿಂದಿನ ಬೆಳೆಯ ಸಮಯದಲ್ಲಿ ಕೋನಪ್ಪ ಗಾಡಿಯನ್ನು ಸರ್ವೀಸಿಗೆ ತಂದು ಟೈರಿನ ಮೇಲೆ ಕೂತಿದ್ದಾನೆ, ಅಷ್ಟರಲ್ಲಿ ಊರಿನವರೊಬ್ಬರು ಬಸ್ಸಿಳಿದು, “ನಿನ್ನ ಹುಳು ಹಣ್ಣಾಗವೆ, ಒಬ್ಬಳೇ ಚಂದ್ರಂಕಿಗೆ ಬಿಡೋಕಾಗದೆ ವೆಂಕಟಮ್ಮ ಒದ್ದಾಡ್ತವ್ಳೆ” ಎಂದರು. ಹಣ್ಣಾದ ಹುಳು ಕಾಯುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಕೋನಪ್ಪ ಗಾಡಿಯನ್ನು ಇನ್ನೊಬ್ಬರ ಕೈಯಲ್ಲಿ ಬಿಟ್ಟು ಬಸ್ಸು ಹತ್ತಿದ. ಮಾರನೇ ದಿನ ಶುಕ್ರವಾರ ಮಧ್ಯಾಹ್ನ ಹೋಗಿ, ಅಂಗಡಿಯಲ್ಲಿ ಯಾರೂ ಇಲ್ಲದಾಗ ಗಾಡಿ ತಂದ. ಒಂದೆರಡು ತಿಂಗಳಾದ ಮೇಲೆ ಚೈನು ಕರಕರ ಅನ್ನತೊಡಗಿತು. ಮುಚ್ಚಳ ಬಿಚ್ಚಿ ನೋಡಿದರೆ ಹಲ್ಲಿನ ಚಕ್ರದ ಮೇಲೆ ಗುರುತು ಇಲ್ಲ. ಸೀಮೆಎಣ್ಣೆ ಹಾಕಿ ಒರೆಸಿದ. ಇಲ್ಲ.

ಮನೆಗೆ ಬಂದು ಹೇಳುವ ಮೊದಲು ಅವನು ನಲ್ಲಪ್ಪನ ಟೀ ಅಂಗಡಿಯಲ್ಲಿ ಹೇಳಿದ. ಅದು ತಪ್ಪಾಯಿತು. ಟೀ ಅಂಗಡಿಯಲ್ಲಿ ಹೇಳಿದ್ದು ಬಸ್ಸಿಗಿಂತ ಮುಂಚೆ ಶಿಡ್ಲಘಟ್ಟ ಸೇರುತ್ತದೆ. ವಾರದೊಳಗೆ ಊರಿನ ಗಂಗುಲಪ್ಪ ತನ್ನ ಗಾಡಿಯನ್ನು ಲಾಲ್ ಬಾಷಾನ ಅಂಗಡಿ ದಾಟಿಸಿಕೊಂಡು ಬೇರೆ ಕಡೆ ಒಯ್ದ ಎಂಬ ಸುದ್ದಿ ಬಂತು. ಇನ್ನೂ ಇಬ್ಬರು ಹಾಗೇ ಮಾಡಿದರಂತೆ.

“ಇಷ್ಟು ವರ್ಷ ಕಣ್ಣು ಮಿಟುಕಿಸದೆ ಕೂತಿದ್ದೆ. ಒಂದೇ ಒಂದು ದಿನ ಎದ್ದು ಬಂದೆ. ಅದೇ ದಿನ ಎತ್ತಿಬಿಟ್ಟ” ಎಂದ ಕೋನಪ್ಪ, ಊಟಕ್ಕೆ ಕೂತು. “ಆ ಕಳ್ಳನ ಮನೆಯವರು ಯಾರೂ ನಮ್ಮ ಹೊಸ್ತಿಲು ದಾಟಂಗಿಲ್ಲ.”

“ಬಿಸ್ಮಿಲ್ಲಮ್ಮನೂ?”

“ಅವಳು ಯಾವ ಮನೆಯವಳು?”

ಚಿಕ್ಕವೆಂಕಟಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. “ರಾಧೀಗೆ ಬಳೆ ಯಾರು ತೊಡಿಸ್ತಾರೆ?”

“ಊರಲ್ಲಿ ಹೆಂಗಸರಿಗೆ ಬರವಾ? ಮುನಿಗಂಗಮ್ಮ ತೊಡಿಸ್ತಾಳೆ.”

ಮುನಿಗಂಗಮ್ಮ ಕೋನಪ್ಪನ ಅಕ್ಕ. ಅವಳ ಮೇಲೆ ಚಿಕ್ಕವೆಂಕಟಮ್ಮನಿಗೆ ದ್ವೇಷವಿಲ್ಲ. ಆದರೆ ಹಾಲು ಕೊಟ್ಟವಳು ಬೇರೆ. ಚಿಕ್ಕವೆಂಕಟಮ್ಮನೊಳಗೂ ಒಂದು ಹುಳು ಹರಿದಾಡುತ್ತಿತ್ತು, ಅದನ್ನು ಯಾರ ಹತ್ತಿರ ಹೇಳುವುದು? ಗುರುತು ಹೊಡೆದದ್ದನ್ನು ಅವಳೇ ಕಣ್ಣಾರೆ ನೋಡಿದ್ದಳು. ಈಗ ಇಲ್ಲದ್ದನ್ನೂ ನೋಡಿದ್ದಳು. ಲಾಲ್ ಬಾಷಾ ಕಳ್ಳನಲ್ಲ ಎಂದು ಮನಸ್ಸು ಹೇಳುತ್ತಿತ್ತು, ಆದರೆ ಕಬ್ಬಿಣದ ಮೇಲೆ ಹೊಡೆದದ್ದು ತಾನಾಗಿ ಅಳಿಸಿಹೋಗುತ್ತದೆಯೇ ಎಂದು ಅದೇ ಮನಸ್ಸು ತಿರುಗಿ ಕೇಳುತ್ತಿತ್ತು.

ಇನ್ನು ಯಾವ ಮೆಕ್ಯಾನಿಕ್ಕನ ಮುಖವನ್ನೂ ನೋಡುವುದಿಲ್ಲ ಎಂದು ಕೋನಪ್ಪ ತೀರ್ಮಾನಿಸಿದ. ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೇ ಹೋಗಿ ಹೊಸ ಚೈನು, ಮುಂದಿನ ಸಣ್ಣ ಚಕ್ರ, ಹಿಂದಿನ ದೊಡ್ಡ ಚಕ್ರ ತಂದ. ಶಿಡ್ಲಘಟ್ಟದ ಅಂಗಡಿಯವರೆಲ್ಲ ಅವನಿಗೆ ಲಾಲ್ ಬಾಷಾನ ಕಡೆಯವರು. ಬದಲಾಯಿಸುವುದನ್ನು ಮನೆಯಲ್ಲೇ, ತನ್ನ ಕೈಯಾರೆ ಮಾಡುತ್ತೇನೆ ಎಂದ. ವರ್ಷಗಟ್ಟಲೆ ಟೈರಿನ ಮೇಲೆ ಕೂತು ನೋಡಿದ್ದು ಸುಮ್ಮನೆ ಹೋಗುತ್ತದೆಯೇ?

“ಹಳೇದನ್ನ ಬಿಚ್ಚಿ ಇಟ್ಕೋತೀನಿ. ಅದು ಸಾಕ್ಷಿ. ನಾಕು ಜನ ದೊಡ್ಡವರನ್ನ ಕೂಡಿಸಿ ಎದುರಿಗೆ ಇಡ್ತೀನಿ, ಇದರಲ್ಲಿ ನನ್ನ ಗುರುತು ತೋರ್ಸಪ್ಪಾ ಅಂತ ಕೇಳ್ತೀನಿ” ಎಂದು ಊರೆಲ್ಲ ಹೇಳಿಕೊಂಡು ಬಂದ.

ಆಗ ಮನೆಯಲ್ಲಿ ಹುಳು ಮೂರನೇ ಜ್ವರ ಎದ್ದಿತ್ತು. ಪೊರೆ ಬಿಡುವಾಗ ಹುಳು ಮೇಯದೆ ತಲೆಯೆತ್ತಿ ಸುಮ್ಮನಿರುವುದಕ್ಕೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಹಸಿವು ಹೆಚ್ಚು, ವಾಸನೆಗೆ ಹೆದರಿಕೆಯೂ ಹೆಚ್ಚು. ಕೋನಪ್ಪ ಜಗಲಿಯ ಮೇಲೆ ಸೀಮೆಎಣ್ಣೆ ಡಬ್ಬಿ ಇಟ್ಟದ್ದನ್ನು ಕಂಡು ಚಿಕ್ಕವೆಂಕಟಮ್ಮ ಅದನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಹೊಂಗೆಮರದ ಕೆಳಗೆ ಇಟ್ಟಳು. “ನಿಮ್ಮ ಗಾಡಿ ಅಲ್ಲೇ ಬಿಚ್ಚಿ. ಗಾಳಿ ಮನೆ ಕಡೆಯಿಂದ ಆ ಕಡೆಗೆ ಬೀಸ್ತೈತೆ” ಎಂದಳು.

ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಗಾಲಿ ನೆಲದಿಂದ ಎದ್ದಿರುವಂತೆ ಕೆಳಗೆ ಕಲ್ಲು ಕೊಟ್ಟ. ಚೈನಿನ ಮುಚ್ಚಳ ಬಿಚ್ಚಿದ. ಮುಂದಿನ ಸಣ್ಣ ಚಕ್ರದ ನಟ್ಟು ಬಹಳ ಗಟ್ಟಿ. ಅದರ ಕೆಳಗೆ ಮಡಿಚಿ ಕೂರಿಸಿದ್ದ ತಗಡಿನ ಕಿವಿಯನ್ನು ಉಳಿಯಿಂದ ನೆಟ್ಟಗೆ ಮಾಡಿ, ನಟ್ಟು ಬಿಚ್ಚುವ ಪಾನ ಹಾಕಿ ಎಳೆದರೆ ನಟ್ಟಿನ ಜೊತೆಗೆ ಇಡೀ ಚಕ್ರವೇ ತಿರುಗುತ್ತಿತ್ತು.

“ಬಾ ಇಲ್ಲಿ, ಬ್ರೇಕು ತುಳಿ” ಎಂದ.

ಅವನು ಗಾಡಿಯನ್ನು ಗೇರಿಗೆ ಹಾಕಿದ, ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಸೀಟು ಹಿಡಿದು ಬ್ರೇಕಿನ ಮೇಲೆ ನಿಂತಳು. ಕೋನಪ್ಪ ಪಾನದ ತುದಿಗೆ ಕಬ್ಬಿಣದ ಕೊಳವೆ ತೂರಿಸಿ ಮೈಯೆಲ್ಲ ಹಾಕಿ ಎಳೆದ. ಕಟ್ಟಂತ ಸದ್ದಾಗಿ ನಟ್ಟು ಬಿಟ್ಟುಕೊಂಡಿತು, ಅವನು ಹಿಂದಕ್ಕೆ ಕೂತ.

“ನೋಡಿದ್ಯಾ. ಇದಕ್ಕೆ ಅವನು ಗಂಟೆಗಟ್ಟಲೆ ಎಳೀತಾನೆ, ಕೂಲಿ ಏರಿಸೋಕೆ.”

“ಅವರಿಗೆ ಬ್ರೇಕು ತುಳಿಯೋಕೆ ಹೆಂಡ್ತಿ ಇರಲ್ಲವಲ್ಲ ಅಂಗಡೀಲಿ” ಎಂದಳು.

ಆಮೇಲೆ ಚೈನಿನ ಲಾಕು ಕಿತ್ತು ಚೈನು ಇಳಿಸಿದ. ಅದು ಸತ್ತ ಹಾವಿನ ಹಾಗೆ ಗೋಣಿಯ ಮೇಲೆ ಬಿತ್ತು. ಅಚ್ಚು ಎಳೆದು ಹಿಂದಿನ ಗಾಲಿ ಹೊರಕ್ಕೆ ತೆಗೆದ. ಗಾಲಿಯ ನಡುವಿನ ಗುಂಬಕ್ಕೆ ಹಲ್ಲಿನ ಚಕ್ರವನ್ನು ಹಿಡಿದಿದ್ದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಚಿಕ್ಕವೆಂಕಟಮ್ಮ ಹುಳುವಿಗೆ ಸೊಪ್ಪು ಕೊಡಲು ಹೋಗಬೇಕೆಂದು ಎದ್ದವಳು ಹಾಗೇ ನಿಂತಳು. ಕೋನಪ್ಪ ಚಕ್ರವನ್ನು ಗುಂಬದಿಂದ ಎಬ್ಬಿಸಿ ಕೈಗೆ ತಗೊಂಡು, ತಿರುಗಿಸಿ, ಸೀಮೆಎಣ್ಣೆ ಬಟ್ಟೆಯಿಂದ ಒಂದು ಸಲ ಉಜ್ಜಿದ. ಕೈ ನಿಂತಿತು.

ಇನ್ನೊಮ್ಮೆ ಉಜ್ಜಿದ. ಆಮೇಲೆ ಬೆನ್ನು ಇವಳ ಕಡೆಗೆ ಮಾಡಿ ಕೂತ. ಚಕ್ರವನ್ನು ಗೋಣಿಯ ಚೂರಿನಲ್ಲಿ ಸುತ್ತಿ ತೊಡೆಯ ಪಕ್ಕಕ್ಕೆ ಸರಿಸಿಕೊಂಡ.

“ಯಾಕೆ, ಏನಾಯ್ತು?”

“ಏನಾಗೋದು. ಹಳೇ ಕಬ್ಬಿಣ. ಗುಜರಿಗೆ ಹಾಕಣ.”

“ಸಾಕ್ಷಿ ಅಂದ್ರಲ್ಲ?”

“ನಿನಗೆ ಹುಳದ ಮನೆಯಲ್ಲಿ ಕೆಲಸ ಇಲ್ವಾ?”

ಅವಳು ಹುಳದ ಮನೆಗೆ ಹೋದಳು. ಸೊಪ್ಪು ಹರಡುತ್ತಾ ಕಿಟಕಿಯ ಗೋಣಿ ಪರದೆಯ ಸಂದಿನಿಂದ ಹಿತ್ತಲು ನೋಡಿದಳು. ಅಷ್ಟು ವರ್ಷ ಜೊತೆಗಿದ್ದರೂ ಗಂಡನ ಮೇಲೆ ಅವಳು ಕಣ್ಣಿಟ್ಟದ್ದು ಅದೇ ಮೊದಲು. ಕೋನಪ್ಪ ಹೊಸ ಚಕ್ರ ಕೂರಿಸಿ, ಗಾಲಿ ಹಾಕಿ, ಹೊಸ ಚೈನು ಸುತ್ತಿ ಲಾಕು ಒತ್ತಿದ. ಚೈನನ್ನು ಎಳೆದು ಎಳೆದು ತಂತಿಯ ಹಾಗೆ ಬಿಗಿ ಮಾಡಿದ. ಎಲ್ಲ ಆದ ಮೇಲೆ ಗೋಣಿಗಂಟು ಎತ್ತಿಕೊಂಡು ಹಿತ್ತಲಿನ ಮೂಲೆಗೆ ಹೋದವನು ಬರಿಗೈಲಿ ಬಂದ. ಗುಜರಿ ಬುಟ್ಟಿ ಇದ್ದದ್ದು ಆ ಮೂಲೆಯಲ್ಲಲ್ಲ. ಅಲ್ಲಿದ್ದದ್ದು ತಿಪ್ಪೆ.

ತಿಪ್ಪೆ ಹೆಂಗಸರದ್ದು. ಬೆಳಿಗ್ಗೆ ತಾನು ಸುರಿದ ಹುಳದ ಕಸದ ಮೇಲೆ ನೆನ್ನೆಯ ಬೂದಿ ಬಂದಿರುವುದು ಹೇಗೆ ಎಂದು ಚಿಕ್ಕವೆಂಕಟಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೋನಪ್ಪ ಸ್ನಾನಕ್ಕೆ ಹೋದಾಗ ಕೋಲು ಹಾಕಿ ಕೆದಕಿದಳು. ಗೋಣಿ ಬಿಚ್ಚಿ, ಸೆರಗಿನಿಂದ ಒರೆಸಿ, ಬಿಸಿಲಿಗೆ ಹಿಡಿದಳು. ಎರಡು ಉದ್ದ ಗೀಟು, ಕೆಳಗೊಂದು ಬೊಟ್ಟು. ಪಕ್ಕದಲ್ಲಿ ಓರೆಯಾಗಿ ಒಂದು ಗೀರು.

ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಬಡಿಸಿ, ತಟ್ಟೆಯ ಪಕ್ಕದಲ್ಲಿ ಆ ಚಕ್ರವನ್ನೂ ಇಟ್ಟಳು.

ಕೋನಪ್ಪನ ಕೈ ಮುದ್ದೆಯ ಮೇಲೇ ನಿಂತಿತು. “ಇದೇನೇ?”

“ತಿಪ್ಪೇಲಿ ಬೆಳೆದಿತ್ತು. ಬೇರು ಆಳಕ್ಕೆ ಇಳಿದಿರ್ಲಿಲ್ಲ, ಕಿತ್ಕೊಂಡು ಬಂದೆ. ಸಾರು ಹಾಕ್ಲಾ ಇದಕ್ಕೂ?”

ಅವನು ಎಡಗೈಯಿಂದ ಚಕ್ರವನ್ನು ಆಚೆಗೆ ತಳ್ಳಿದ.

“ಗುರುತು ಯಾರದು?” ಎಂದಳು.

“ಗುರುತು ಯಾರು ಬೇಕಾದ್ರೂ ಹೊಡೀಬಹುದು ಕಣೇ. ನಾನು ಅಂದಿದ್ದು ಅವನ ಕಿವಿಗೆ ಬಿದ್ದೈತೆ. ಬಚಾವಾಗೋಕೆ ಅವನೇ ಹೊಡೆದಿರ್ಬೇಕು.”

“ನೀವು ಅಂದ ಮೇಲೆ ಗಾಡಿ ಅವರ ಅಂಗಡಿ ಕಡೆ ಮುಖ ಹಾಕಿಲ್ಲ. ಬಿಚ್ಚಿದ್ದು ನೀವು, ಬ್ರೇಕು ತುಳಿದಿದ್ದು ನಾನು. ಅವರು ಯಾವಾಗ ಬಂದು ಹೊಡೆದ್ರು, ನಾನು ಸೊಪ್ಪು ಹಾಕೋಕೆ ಹೋದಾಗಲಾ?” ಅವಳು ಗೀರಿನ ಮೇಲೆ ಬೆರಳಿಟ್ಟಳು. “ಇದಕ್ಕೆ ಅರಿಸಿನ ಹಚ್ಚಿದವಳು ನಾನು. ನಿಮ್ಮ ಹೆಬ್ಬೆರಳು ತೋರಿಸಿ, ಕಲೆ ಇನ್ನೂ ಐತೆ.”

ಕೋನಪ್ಪ ಹೆಬ್ಬೆರಳನ್ನು ಮುದ್ದೆಯೊಳಗೆ ಒತ್ತಿಕೊಂಡ. “ಆಯ್ತು. ಗುರುತು ಹೊಡೆದಿದ್ದು ಹೊರಮುಖಕ್ಕೆ. ಗಾಲಿಗೆ ಅಂಟ್ಕೊಂಡಿದ್ದ ಒಳಮುಖಕ್ಕೆ ಹೆಂಗೆ ಹೋಯ್ತು? ಅದನ್ನ ಹೇಳು ನೋಡಣ” ಎಂದ.

ಚಂದ್ರಂಕಿಗೆ ಒಂದೇ ಮುಖ. ಸುರುಳಿ ಇರುವ ಕಡೆ ಮುಂದೆ, ಬರೀ ಚಾಪೆ ಇರುವ ಕಡೆ ಹಿಂದೆ. ಅದನ್ನು ತಿರುವಿ ನಿಲ್ಲಿಸುವವರು ಯಾರೂ ಇಲ್ಲ. ಹುಟ್ಟಿದಾಗಿನಿಂದ ಅದನ್ನೇ ನೋಡಿದ ಗಂಡ ಹೆಂಡತಿಗೆ ಕಬ್ಬಿಣದ ಚಕ್ರಕ್ಕೂ ಒಂದೇ ಮುಖ. ಏನೋ ಕೈವಾಡ ಆಗಿದೆ ಎಂಬ ಎಳೆ ಅವಳ ಮನಸ್ಸಿನಲ್ಲೂ ಉಳಿಯಿತು. ಆದರೆ ಸುಮ್ಮನೆ ಕೂತರೆ ಶುಕ್ರವಾರ ಬಂದೇ ಬರುತ್ತದೆ.

ಮಾರನೇ ದಿನ ಬೆಳಿಗ್ಗೆ ಸೊಪ್ಪು ಕೊಟ್ಟು ಮುಗಿಸಿ, ರಾಧಮ್ಮನಿಗೆ ಮದ್ದು ತರುತ್ತೇನೆ ಎಂದು ಗಂಡನಿಗೆ ಹೇಳಿ ಬಸ್ಸು ಹತ್ತಿದಳು. ಬಟ್ಟೆ ಚೀಲದ ತಳದಲ್ಲಿ ಹಲ್ಲಿನ ಚಕ್ರ, ಮೇಲೆ ತುಂಬ ಸೊಗಡಿನ ಅವರೆಕಾಯಿ.

ಕಂಡಕ್ಟರು ಚೀಲವನ್ನು ಕಾಲಿನಿಂದ ಸರಿಸಲು ಹೋಗಿ ಹುಬ್ಬು ಗಂಟಿಕ್ಕಿದ. “ಏನಮ್ಮಾ, ಅವರೆಕಾಯಿ ಇಷ್ಟು ತೂಕ?”

“ಕಾಳು ಬಲಿತವೆ ಕಣಪ್ಪ” ಎಂದಳು.

ಲಾಲ್ ಬಾಷಾನ ಮನೆ ಅಂಗಡಿಯ ಹಿಂದೆಯೇ. ಬಿಸ್ಮಿಲ್ಲಾ ಬೀ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಯಾವಾಗಲೂ “ಬಾ ಅಕ್ಕಾ” ಎಂದು ಏಳುತ್ತಿದ್ದವಳು ಮೊರದಿಂದ ಕಣ್ಣೆತ್ತಲಿಲ್ಲ.

“ಯಾರು ಕಳಿಸಿದ್ರು?” ಎಂದಳು.

“ಯಾರೂ ಕಳಿಸಿಲ್ಲ. ನಾನೇ ಬಂದೆ.”

“ನಿಮ್ಮೆಜಮಾನ್ರು ಏನೋ ಹುಡುಕ್ಕೊಂಡು ಬಾ ಅಂತ ಕಳಿಸಿರ್ಬೇಕು. ನಮ್ಮನೇಲಿ ನಿಮ್ಮ ಸಾಮಾನು ಇನ್ನೂ ಏನೇನು ಐತೆ ನೋಡು, ಅಡುಗೆಮನೆ ಅಲ್ಲೈತೆ.” ಚೀಲದ ಕಡೆ ಕಣ್ಣು ಹಾಯಿಸಿದಳು. “ಅವರೆಕಾಯಿ ತಂದು ಬಾಯಿ ಮುಚ್ಚಿಸೋಕಾ?”

ಚಿಕ್ಕವೆಂಕಟಮ್ಮ ಹೊಸ್ತಿಲ ಮೇಲೆ ಕೂತು ಅವರೆಕಾಯಿಯನ್ನು ಅಕ್ಕಿಯ ಪಕ್ಕಕ್ಕೆ ಸುರಿದಳು. ಕೊನೆಗೆ ಚಕ್ರ ಠಣ್ಣೆಂದು ನೆಲಕ್ಕೆ ಬಿತ್ತು. ಆ ಸದ್ದಿಗೆ ಅಂಗಡಿಯ ಕಡೆಯಿಂದ ಲಾಲ್ ಬಾಷಾ ಕೈ ಒರೆಸಿಕೊಳ್ಳುತ್ತಾ ಬಂದ. ನೋಡಿದ. ಬಗ್ಗಿ ಎತ್ತಿಕೊಂಡ.

“ಇದು ನಮ್ಮದೇ ಅಣ್ಣಾ” ಎಂದಳು ಚಿಕ್ಕವೆಂಕಟಮ್ಮ. “ಗುರುತು ಒಳಗಡೆ ಐತೆ. ಹೊರಗಿದ್ದದ್ದು ಒಳಗೆ ಹೆಂಗೆ ಹೋಯ್ತು ಅಂತ ನನಗೆ ಗೊತ್ತಾಗ್ಲಿಲ್ಲ. ಅದನ್ನ ಕೇಳೋಕೆ ಬಂದೆ. ಬೈಯೋದಾದ್ರೆ ಆಮೇಲೆ ಬೈರಿ.”

ಲಾಲ್ ಬಾಷಾ ಚಕ್ರವನ್ನು ಅವಳ ಮುಖದ ಮುಂದೆ ಹಿಡಿದು ಹಲ್ಲುಗಳನ್ನು ತೋರಿಸಿದ. “ನೋಡಮ್ಮ, ಚೈನು ಎಳೆಯೋದು ಹಲ್ಲಿನ ಒಂದೇ ಮಗ್ಗುಲನ್ನ. ಆ ಮಗ್ಗುಲು ಸವೆದು ಕೊಕ್ಕೆ ಥರ ಆಗ್ತದೆ. ಇನ್ನೊಂದು ಮಗ್ಗುಲು ಹಂಗೇ ಇರ್ತದೆ. ಚಕ್ರ ಬಿಚ್ಚಿ ತಿರುವಿ ಹಾಕಿದ್ರೆ ಒಳ್ಳೇ ಮಗ್ಗುಲು ಚೈನಿಗೆ ಸಿಗ್ತದೆ, ಇನ್ನೂ ಒಂದಷ್ಟು ದಿನ ಓಡ್ತದೆ. ನಮ್ಮ ಕೋನಣ್ಣಂಗೆ ಯಾಕೆ ಸುಮ್ನೆ ಖರ್ಚು ಅಂತ ತಿರುವಿ ಹಾಕ್ದೆ. ಅದಕ್ಕೆ ಕೂಲೀನೂ ಬರೀಲಿಲ್ಲ.”

“ಅದನ್ನ ಹೇಳಬಾರದಾಗಿತ್ತಾ ಅಣ್ಣಾ?”

“ಹೇಳೋಣ ಅಂದ್ರೆ ನಾನು ನಮಾಜಿಗೆ ಹೋಗಿದ್ದಾಗ ಬಂದು ಗಾಡಿ ಹತ್ಕೊಂಡು ಹೋಗವ್ನೆ. ಆಮೇಲೆ ಕೇಳಿದ್ದು ಒಂದೇ ಮಾತು, ನಾನು ಕಳ್ಳ ಅಂತ.”

ಚಿಕ್ಕವೆಂಕಟಮ್ಮ ತಲೆ ತಗ್ಗಿಸಿ ಅವರೆಕಾಯಿಯ ಸಿಪ್ಪೆ ಬಿಡಿಸತೊಡಗಿದಳು. ಬಿಸ್ಮಿಲ್ಲಾ ಬೀ ಮೊರ ಕೆಳಗಿಟ್ಟಳು, ಆದರೆ ಮುಖದ ಬಿಗಿ ಸಡಿಲಿರಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಕೀಂ ಎಂದು ಒಂದು ಸದ್ದು ಕೇಳಿಸಿತು. ಲಾಲ್ ಬಾಷಾ ಕಿವಿ ಕೊಟ್ಟ. “ಯಾರೋ ಚೈನನ್ನ ನೇಣು ಹಾಕಿದಂಗೆ ಬಿಗಿದವ್ರೆ” ಎಂದ. ತಿರುವಿನಲ್ಲಿ ರಾಜದೂತ್ ಕಾಣಿಸಿತು, ಮೇಲೆ ಕೋನಪ್ಪ. ಮದ್ದು ತರಲು ಹೋದ ಹೆಂಡತಿ ಅಷ್ಟು ತೂಕದ ಚೀಲ ಯಾಕೆ ಒಯ್ದಳು ಎಂಬ ಅನುಮಾನ ಬಂದು, ಬಸ್ಸಿನ ಹಿಂದೆಯೇ ಹೊರಟು ಬಂದಿದ್ದ. ಹೊಸ್ತಿಲ ಮೇಲೆ ಹೆಂಡತಿಯನ್ನೂ ಲಾಲ್ ಬಾಷಾನ ಕೈಯಲ್ಲಿ ಚಕ್ರವನ್ನೂ ಒಟ್ಟಿಗೆ ಕಂಡು ಗಾಡಿಯಿಂದ ಇಳಿಯದೆ ಹಾಗೇ ಕೂತ.

“ಇಳೀರಿ. ತಿರುವಿ ಹಾಕಿದ್ರಂತೆ” ಎಂದಳು ಚಿಕ್ಕವೆಂಕಟಮ್ಮ. ಲಾಲ್ ಬಾಷಾ ಹೇಳಿದ್ದನ್ನು ಹಲ್ಲು ತೋರಿಸಿ ಹಾಗೇ ಹೇಳಿದಳು.

ಕೋನಪ್ಪ ಚಕ್ರ ತಗೊಂಡು ಈ ಮುಖ ನೋಡಿದ, ಆ ಮುಖ ನೋಡಿದ, ಒಂದೊಂದೇ ಹಲ್ಲಿನ ಎರಡೂ ಮಗ್ಗುಲನ್ನು ಉಗುರಿನಲ್ಲಿ ಸವರಿದ. ಅಕ್ಕಪಕ್ಕದ ಅಂಗಡಿಯವರು ಬಂದು ನಿಂತಿದ್ದರು.

“ಹೇಳಬೇಕಾಗಿತ್ತು ನೀನು” ಎಂದ ಕೊನೆಗೆ.

“ಕೇಳಬೇಕಾಗಿತ್ತು ನೀನು” ಎಂದ ಲಾಲ್ ಬಾಷಾ.

ಬಿಸ್ಮಿಲ್ಲಾ ಬೀ ಎದ್ದು ನಿಂತು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಅವಳು ಮಾತಾಡಿದ್ದು ಕೋನಪ್ಪನಿಗಲ್ಲ, ಚಿಕ್ಕವೆಂಕಟಮ್ಮನಿಗೆ.

“ಅಕ್ಕಾ, ನೀನು ಬಂದೆ ಅಂತ ನಾನು ಬರೋಕಾಗಲ್ಲ. ನಮ್ಮ ರಾಧೀಗೆ ಬಳೆ ತೊಡಿಸೋ ಆಸೆ ನನಗೂ ಐತೆ. ಆದ್ರೆ ಕಳ್ಳನ ಹೆಂಡ್ತಿ ಅಂತ ನಿಮ್ಮೂರ ಹೆಂಗಸರು ನನ್ನ ಕೈ ನೋಡ್ತಾ ಕೂತ್ಕೊಂಡ್ರೆ ನಾನು ಬಳೆ ಹೆಂಗೆ ತೊಡಿಸ್ಲಿ? ಕಳ್ಳ ಅಂತ ಎಲ್ಲಿ ಅಂದ್ರೋ ಅಲ್ಲೇ ಹೋಗಿ ಅಲ್ಲ ಅನ್ನಲಿ. ಆಮೇಲೆ ಅವರೇ ಬಂದು ಕರೀಲಿ.”

ಕೋನಪ್ಪ ಗಾಡಿ ತಿರುಗಿಸಿದ. ಲಾಲ್ ಬಾಷಾ ಅದನ್ನು ಮುಟ್ಟಲಿಲ್ಲ, ಪಾನ ಒಂದನ್ನು ಸೀಟಿನ ಮೇಲೆ ಇಟ್ಟ. “ಹಿಂದಿನ ನಟ್ಟು ಸಡಿಲ ಮಾಡಿ ಗಾಲಿ ಮುಂದಕ್ಕೆ ತಳ್ಳು. ಚೈನು ಒಂದು ಬೆರಳಷ್ಟು ಆಡಬೇಕು.”

“ಆಡಿದ್ರೆ ಕಳಚ್ಕೊಳ್ಳಲ್ವಾ?”

“ಬಿಗಿದ್ರೇನೇ ಕಿತ್ಕೊಳ್ಳೋದು” ಎಂದು ಅವನು ಒಳಗೆ ಹೋದ. ಕೋನಪ್ಪ ಆ ಬಿಸಿಲಲ್ಲೇ ಮಂಡಿಯೂರಿ ಕೂತು, ಸುತ್ತ ನಿಂತವರು ನೋಡುತ್ತಿರುವಾಗ, ತಾನೇ ಸಡಿಲ ಮಾಡಿದ.

ಸಾಯಂಕಾಲ ಚಿಕ್ಕವೆಂಕಟಮ್ಮ ನೀರಿನ ನೆಪದಲ್ಲಿ ಬಿಂದಿಗೆ ಹಿಡಿದು ನಲ್ಲಪ್ಪನ ಟೀ ಅಂಗಡಿಯ ಎದುರಿನ ಕೊಳಾಯಿಗೆ ಬಂದಳು. ಗಂಡ ಹೋಗುತ್ತೇನೆ ಎಂದಿದ್ದ. ಹೋಗುತ್ತಾನೆ ಎಂಬುದರಲ್ಲಿ ಅವಳಿಗೆ ನಂಬಿಕೆ ಇರಲಿಲ್ಲ. ಬಿಂದಿಗೆ ತುಂಬಿ ಹರಿಯುತ್ತಿದ್ದರೂ ಕೊಳಾಯಿ ನಿಲ್ಲಿಸದೆ ನಿಂತಳು. ಕೋನಪ್ಪ ಬಂದ. ಬೆಂಚಿನ ಮೇಲೆ ಗಂಗುಲಪ್ಪನೂ ಇದ್ದ. ಚಕ್ರವನ್ನು ಗಾಜಿನ ಲೋಟಗಳ ಮಧ್ಯೆ ಇಟ್ಟ.

“ಏಮಯ್ಯಾ ಕೋನಪ್ಪ, ಇದನ್ನ ಟೀಗೆ ಅದ್ದಿ ತಿಂತೀಯಾ?” ಎಂದ ನಲ್ಲಪ್ಪ.

“ನನ್ನದೇ ಇದು” ಎಂದ ಕೋನಪ್ಪ. ದನಿ ಸಣ್ಣದಿತ್ತು.

“ಏನಂದೆ?”

“ನನ್ನದೇ ಅಂದೆ. ಅವನು ಬದಲಾಯಿಸಿಲ್ಲ. ತಿರುವಿ ಹಾಕಿದ್ದ. ಗುರುತು ಒಳಗಡೆ ಐತೆ, ನೋಡ್ಕೊಳ್ಳಿ.”

ಗಂಗುಲಪ್ಪ ಎತ್ತಿ ನೋಡಿದ. “ಅಲ್ಲಯ್ಯಾ, ನಿನ್ನ ಮಾತು ಕೇಳಿ ನಾನು ಬೇರೆಯವನ ಹತ್ರ ಹೋದೆ. ಅವನು ನನ್ನ ಗಾಡೀನ ಇನ್ನೂ ಬಿಚ್ಚಿ ಹಾಕವ್ನೆ, ಜೋಡಿಸೋಕೆ ಬರ್ತಾ ಇಲ್ಲ.”

“ನಾಳೆ ಬಾ. ಬಾಷಾ ಹತ್ರ ಕರ್ಕೊಂಡು ಹೋಗ್ತೀನಿ. ನಾನೇ ಹೇಳ್ತೀನಿ” ಎಂದ ಕೋನಪ್ಪ. ಹೊರಡುವಾಗ ಕೊಳಾಯಿಯ ಕಡೆ ನೋಡಿ, “ಎಷ್ಟು ಹೊತ್ತೇ ಒಂದು ಬಿಂದಿಗೆಗೆ?” ಎಂದ.

ಹುಳು ನಾಲ್ಕನೇ ಜ್ವರ ಎದ್ದು, ಹಣ್ಣಾಗಿ, ಚಂದ್ರಂಕಿ ಏರಿ ಗೂಡು ಕಟ್ಟಿತು. ಗೂಡು ಮಾರಿದ ದಿನವೇ ಕೋನಪ್ಪ ಮಾರುಕಟ್ಟೆಯಿಂದ ನೇರ ಲಾಲ್ ಬಾಷಾನ ಬಾಗಿಲಿಗೆ ಹೋಗಿ, ಎಲೆ ಅಡಿಕೆ, ಹೂವು ಇಟ್ಟ ತಟ್ಟೆ ಹಿಡಿದು ಕರೆದು ಬಂದ. ಏನು ಹೇಳಿ ಕರೆದ ಎಂದು ಚಿಕ್ಕವೆಂಕಟಮ್ಮ ಎಷ್ಟು ಕೇಳಿದರೂ ಹೇಳಲಿಲ್ಲ. ಅವರು ಬರುತ್ತೇವೆ ಅಂದರೇ ಎಂದು ಕೇಳಿದ್ದಕ್ಕೆ, “ನೋಡಣ ಅಂದ್ರು” ಎಂದ.

ಶುಕ್ರವಾರ ಚಪ್ಪರದಲ್ಲಿ ಹೆಂಗಸರು ಕೂತಾಗಿತ್ತು. ರಾಧಮ್ಮ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಮುನಿಗಂಗಮ್ಮ, “ಹೊತ್ತಾಯ್ತು, ನಾನೇ ಶುರು ಮಾಡ್ಲಾ?” ಎಂದು ಎರಡು ಸಲ ಕೇಳಿದ್ದಳು. ಚಿಕ್ಕವೆಂಕಟಮ್ಮ ಎರಡು ಸಲವೂ ದೀಪದ ಬತ್ತಿ ಸರಿಮಾಡಬೇಕೆಂದು ಎದ್ದುಹೋಗಿದ್ದಳು. ಮೂರನೇ ಸಲಕ್ಕೆ ಬತ್ತಿಯ ನೆಪವೂ ಮುಗಿದಿತ್ತು. ಆಗ ರಸ್ತೆಯಲ್ಲಿ ಬಸ್ಸು ನಿಂತ ಸದ್ದಾಯಿತು. ಬಿಸ್ಮಿಲ್ಲಾ ಬೀ ಬುರ್ಖಾ ಮಡಿಚಿ ತೋಳ ಮೇಲೆ ಹಾಕಿಕೊಂಡು ಬಂದಳು, ಹಿಂದೆ ಲಾಲ್ ಬಾಷಾ ಹೊಸ ಬಳೆಯ ಕಟ್ಟು ಹಿಡಿದಿದ್ದ. ಕೋನಪ್ಪ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಯಾರ ಮುಖವನ್ನೂ ನೋಡದೆ ಬಿಸ್ಮಿಲ್ಲಾ ಬೀ ರಾಧಮ್ಮನ ಎದುರು ಕೂತಳು. ಕಟ್ಟು ಬಿಚ್ಚಿ, ಒಂದೊಂದು ಬಳೆಯನ್ನೂ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದಳು. ಒಂದು ಬಳೆ ಟಪ್ಪೆಂದಿತು. ಅದನ್ನು ಬೇರೆ ಇಟ್ಟಳು.

“ಹಂಗೇ ನೋಡಿ ನೋಡಿ ತೊಡಿಸಮ್ಮ. ಈ ಬಳೆ ಅಂಗಡಿಯವರು ಬಿರುಕು ಬಿಟ್ಟದ್ದನ್ನ ಮಧ್ಯೆ ಸೇರಿಸಿಬಿಡ್ತಾರೆ” ಎಂದ ಕೋನಪ್ಪ ಕಂಬದ ಹತ್ತಿರದಿಂದ.

ಬಿಸ್ಮಿಲ್ಲಾ ಬೀ ತಿರುಗಿ ಅವನನ್ನು ನೋಡಿದಳು.

“ಭಾಯಿ, ಇದು ಹೆಂಗಸರ ಶಾಸ್ತ್ರ. ನೀವು ಆಚೆ ಹೋಗಿ ನಮ್ಮೆಜಮಾನ್ರ ಜೊತೆ ಕೂತ್ಕೊಳ್ಳಿ. ಬಳೆ ನನ್ನ ಮಗಳಿಗೆ, ನಾನು ನೋಡ್ಕೋತೀನಿ” ಎಂದು ರಾಧಮ್ಮನ ಕೈ ಹಿಡಿದು, ಬೆರಳುಗಳನ್ನು ಒಟ್ಟುಮಾಡಿ, ಮೊದಲ ಬಳೆಯನ್ನು ಮೆಲ್ಲಗೆ ಏರಿಸಿದಳು.